ಗೆಳತಿಯ ಮದುವೆಗೆ ಥೀಮ್ ಕೇಕ್: ಮೊದಲು ಭಾರದ ಲೆಕ್ಕ, ಆಮೇಲೆ ಅಲಂಕಾರ

ಕೇಕ್ ಮಾಡಿಕೊಡುತ್ತೇನೆ ಅಂತ ಗೆಳತಿಗೆ ಮಾತು ಕೊಟ್ಟಾಗಿದೆ. ಈಗ ಫೋನ್ ತುಂಬಾ ಚಿತ್ರಗಳು. ಅರಮನೆ ಕೇಕ್, ಅಂಬಾರಿ ಆನೆ ಕೇಕ್, ಐದು ಅಂತಸ್ತಿನ ಬಿಳಿ ಕೇಕ್. ಚಿತ್ರ ನೋಡುವುದು ತಪ್ಪಲ್ಲ, ಆದರೆ ಚಿತ್ರದಲ್ಲಿ ಕೆಲವು ವಿಷಯ ಕಾಣುವುದೇ ಇಲ್ಲ. ಒಳಗೆ ಭಾರ ಹೊತ್ತು ನಿಂತ ಕಡ್ಡಿಗಳು ಕಾಣುವುದಿಲ್ಲ. ಆ ಹಾಲ್‌ನಲ್ಲಿ ಎಸಿ ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ. ಆ ಐದು ಅಂತಸ್ತಿನಲ್ಲಿ ಮೂರು ಬರೀ ಥರ್ಮಾಕೋಲ್ ಇರಬಹುದು, ಅದನ್ನಂತೂ ಯಾರೂ ಹೇಳುವುದಿಲ್ಲ. ಹೀಗಾಗಿ ನನ್ನ ಸಲಹೆ ಸ್ವಲ್ಪ ಉಲ್ಟಾ ಅನ್ನಿಸಬಹುದು: ಥೀಮ್ ಯಾವುದು ಅಂತ ಕೊನೆಗೆ ತೀರ್ಮಾನ ಮಾಡಿ. ಮೊದಲು ಬಿಸಿಲು, ಭಾರ, ಹೊತ್ತು, ಈ ಮೂರರ ಲೆಕ್ಕ ಆಗಲಿ. ಆ ಲೆಕ್ಕದೊಳಗೆ ಕೂರುವ ಥೀಮ್ ಮಾತ್ರ ವೇದಿಕೆ ಮೇಲೆ ನೆಟ್ಟಗೆ ನಿಲ್ಲುತ್ತದೆ.

ಹೊತ್ತಿನಿಂದ ಶುರು ಮಾಡೋಣ. ಮೈಸೂರು ಕಡೆ ಹೆಚ್ಚಿನ ಮದುವೆಗಳಲ್ಲಿ ರಿಸೆಪ್ಷನ್ ಇರುವುದು ಮುಹೂರ್ತದ ಹಿಂದಿನ ಸಂಜೆ. ಕೇಕ್ ಕತ್ತರಿಸುವುದೂ ಆಗಲೇ. ಡೆಕೊರೇಷನ್‌ನವರು ಸಂಜೆ ಐದರವರೆಗೂ ವೇದಿಕೆ ಮೇಲೆ ಏಣಿ ಹಾಕಿಕೊಂಡೇ ಇರುತ್ತಾರೆ, ಮದುಮಗಳ ಮೇಕಪ್ ಮುಗಿದಿರುವುದಿಲ್ಲ, ಏಳಕ್ಕೆ ಅಂದಿದ್ದ ಕೇಕ್ ಕಟಿಂಗ್ ಎಂಟು ದಾಟುತ್ತದೆ, ಅಷ್ಟು ಹೊತ್ತೂ ವಿಡಿಯೋದವರ ಲೈಟು ಕೇಕಿನ ಮೇಲೇ ಬೀಳುತ್ತಿರುತ್ತದೆ. ಅಂದರೆ ಫ್ರಿಜ್‌ನಿಂದ ಹೊರಗೆ ಬಂದ ಕೇಕ್ ಮೂರು ನಾಲ್ಕು ಗಂಟೆ ಹಾಗೇ ತಡೆಯಬೇಕು. ಅದಕ್ಕೇ ಗೆಳತಿಯನ್ನು ಮೊದಲು ಕೇಳಬೇಕಾದ್ದು ಬೇರೆಯೇ. ಛತ್ರದಲ್ಲಿ ಎಸಿ ಇದೆಯಾ, ಫ್ರಿಜ್ ಇದೆಯಾ, ಕೇಕ್ ಟೇಬಲ್ ಎಲ್ಲಿ ಹಾಕ್ತಾರೆ, ಮೊಟ್ಟೆ ಹಾಕಬಹುದಾ, ನಿಜವಾಗಿ ಎಷ್ಟು ಜನಕ್ಕೆ ಹಂಚಬೇಕು? ಯಾವ ಬಣ್ಣ ಇಷ್ಟ ಅನ್ನುವುದನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

ಬಿಸಿಲಿನ ತೊಂದರೆ ನಮ್ಮ ಪಂಚಾಂಗದ್ದು. ಆಷಾಢದಲ್ಲಿ ಮದುವೆ ಇಡುವುದಿಲ್ಲ, ಧನುರ್ಮಾಸದಲ್ಲೂ ಇಡುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಕೇಕಿಗೆ ಹೇಳಿ ಮಾಡಿಸಿದ ಹವೆ ಇರುತ್ತದೆ, ಆಗ ಲಗ್ನವೇ ಇರುವುದಿಲ್ಲ. ಏಪ್ರಿಲ್, ಮೇನಲ್ಲಿ ಲಗ್ನದ ಮೇಲೆ ಲಗ್ನ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ತಂಪು ಊರು ಅಂತ ನಾವೇ ಹೇಳಿಕೊಂಡು ತಿರುಗುತ್ತೇವೆ, ಆದರೆ ಏಪ್ರಿಲ್ ಮಧ್ಯಾಹ್ನ 34, 35 ಡಿಗ್ರಿ ಇಲ್ಲಿ ಮಾಮೂಲಿ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯೊಳಗೆ, ಮೆತ್ತಗಾಗುವುದು ಅದಕ್ಕೂ ಎಷ್ಟೋ ಮೊದಲು. ಚಾಕೊಲೇಟಿನೊಳಗಿನ ಕೊಕೊ ಬಟರ್ ಕರಗುವುದೂ ಸುಮಾರು 34ರಲ್ಲಿ. ನೋಡಿ, ಎರಡೂ ನಮ್ಮ ಮದುವೆ ಸೀಸನ್ನಿನ ಮಧ್ಯಾಹ್ನಕ್ಕೆ ಸರಿಯಾಗಿ ಬಂದು ಕೂರುತ್ತವೆ! ಈ ದೊಡ್ಡ ಬಿಳಿ ಮದುವೆ ಕೇಕಿನ ಗೀಳು ಬಂದದ್ದೇ ಚಳಿ ದೇಶದಿಂದ. ವಿಕ್ಟೋರಿಯಾ ರಾಣಿಯ ಮದುವೆ ನಡೆದದ್ದು 1840ರ ಫೆಬ್ರವರಿಯಲ್ಲಿ, ಲಂಡನ್ನಿನಲ್ಲಿ. ಕೇಕಿನ ತೂಕ ಸುಮಾರು 300 ಪೌಂಡ್, ಅಂದರೆ 136 ಕೆಜಿ. ಆ ಚಳಿಯಲ್ಲಿ ಏನು ಬೇಕಾದರೂ ನಿಲ್ಲುತ್ತಿತ್ತು ಬಿಡಿ. ಬೇರೆ ದೇಶದ ವಿಡಿಯೋದ ಅಳತೆ ಇಲ್ಲಿ ಕೈಕೊಡುವುದು ಈ ಕಾರಣಕ್ಕೇ.

ಗಾತ್ರದ ಲೆಕ್ಕ ಸುಲಭ. ನಮ್ಮಲ್ಲಿ ಕೇಕ್ ಅಂದರೆ ಕೆಜಿ, ಆದರೆ ಅಂತಸ್ತಿನ ಕೇಕಿಗೆ ಇಂಚಿನ ಲೆಕ್ಕವೇ ಒಳ್ಳೆಯದು. ಮದುವೆಯಲ್ಲಿ ಕೊಡುವ ತುಂಡು ಚಿಕ್ಕದು: 1 ಇಂಚು ಅಗಲ, 2 ಇಂಚು ಉದ್ದ, 4 ಇಂಚು ಎತ್ತರ. ಈ ಲೆಕ್ಕದಲ್ಲಿ 4 ಇಂಚು ಎತ್ತರದ 6 ಇಂಚಿನ ಕೇಕಿನಲ್ಲಿ ಸುಮಾರು 12 ತುಂಡು, 8 ಇಂಚಿನದರಲ್ಲಿ 24, 10 ಇಂಚಿನದರಲ್ಲಿ 38. ಎರಡೇ ಇಂಚು ಜಾಸ್ತಿ ಮಾಡಿದರೆ ಕೇಕ್ ಇಷ್ಟು ಬೆಳೆಯುತ್ತದಾ ಅಂತ ಆಶ್ಚರ್ಯ ಆಗಬಹುದು. ಅಗಲ ಹೆಚ್ಚಿದಾಗ ಹಿಟ್ಟು ಎಲ್ಲ ಕಡೆಗೂ ಹೆಚ್ಚುತ್ತದೆ, ಹಾಗಾಗಿ 10 ಇಂಚಿನ ಕೇಕ್ ಅಂದರೆ 6 ಇಂಚಿನದರ ಸುಮಾರು 2.8 ಪಟ್ಟು. ಮೂರೂ ಸೇರಿದರೆ ಎಪ್ಪತ್ತು ಚಿಲ್ಲರೆ ತುಂಡು. ಮದುವೆಗೆ ಬರುವವರು ಆರುನೂರು ಜನ, ಸರಿ. ಆರುನೂರು ಜನಕ್ಕೂ ಕೇಕ್ ಕೊಡುತ್ತೇನೆ ಅಂತ ಹೊರಡಬೇಡಿ. ಊಟದಲ್ಲಿ ಹೋಳಿಗೆಯೋ ಜಾಮೂನೋ ಇದ್ದೇ ಇರುತ್ತದೆ. ಮನೆಯವರಿಗೆ, ಹತ್ತಿರದ ನೆಂಟರಿಗೆ, ಗೆಳೆಯರ ಬಳಗಕ್ಕೆ ಎಪ್ಪತ್ತು ತುಂಡು ಸಾಕು. ಇನ್ನೂ ಎತ್ತರ ಕಾಣಬೇಕು ಅಂತ ಹುಡುಗನ ಕಡೆಯವರು ಹಟ ಹಿಡಿದರೆ ಕೆಳಗೊಂದು ಥರ್ಮಾಕೋಲ್ ಡಮ್ಮಿ ಇಡಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಡಮ್ಮಿಯನ್ನು ವಾರದ ಮೊದಲೇ ಆರಾಮಾಗಿ ಅಲಂಕಾರ ಮಾಡಿಟ್ಟುಕೊಳ್ಳಬಹುದು, ಅದೊಂದು ದೊಡ್ಡ ಅನುಕೂಲ.

ಒಳಗಿನ ಕಡ್ಡಿಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕೇಕ್ ವಾಲುವುದು, ಬಿರುಕು ಬಿಡುವುದು, ಕುಸಿಯುವುದು ಎಲ್ಲ ಶುರುವಾಗುವುದು ಇಲ್ಲಿಂದ. ಮೇಲಿನ ಕೇಕಿನ ಭಾರವನ್ನು ಕೆಳಗಿನ ಕೇಕ್ ಹೊರುತ್ತದೆ ಅಂತ ಅಂದುಕೊಂಡಿದ್ದರೆ ಅದನ್ನು ಮರೆತುಬಿಡಿ. ಮನೆಯಲ್ಲಿ ಮೇಲಿನ ಮಹಡಿಯನ್ನು ಹೊರುವುದು ಪಿಲ್ಲರ್ ಮತ್ತು ಸ್ಲ್ಯಾಬು, ಇಟ್ಟಿಗೆ ಗೋಡೆ ಸುಮ್ನೆ ಜಾಗ ತುಂಬಿರುತ್ತದೆ. ಇಲ್ಲೂ ಅಷ್ಟೇ: ಸ್ಪಾಂಜು ಗೋಡೆ, ಕಡ್ಡಿಗಳು ಪಿಲ್ಲರ್, ಪ್ರತಿ ಅಂತಸ್ತಿನ ಕೆಳಗಿರುವ ಬೋರ್ಡು ಸ್ಲ್ಯಾಬು. ಪ್ರತಿ ಕೇಕೂ ತನ್ನ ಅಳತೆಯದೇ ಬೋರ್ಡಿನ ಮೇಲೆ ಕೂತಿರಬೇಕು. 6 ಇಂಚಿನ ಬೋರ್ಡನ್ನು 8 ಇಂಚಿನ ಕೇಕಿನ ಮೇಲೆ ಮೆಲ್ಲಗೆ ಒತ್ತಿ ಗುರುತು ಮಾಡಿಕೊಳ್ಳಿ. ಆ ವೃತ್ತದ ಅಂಚಿನಿಂದ ಒಂದು ಇಂಚು ಒಳಗೆ ನಾಲ್ಕು ಕಡ್ಡಿ, ಸಾಧ್ಯವಾದರೆ ಐದು. 8 ಇಂಚಿನ ಕೇಕನ್ನು ಹೊರುವ 10 ಇಂಚಿನದಕ್ಕೆ ಆರು. ಮೊದಲ ಕಡ್ಡಿಯನ್ನು ತಳದ ಬೋರ್ಡ್ ಮುಟ್ಟುವವರೆಗೆ ಚುಚ್ಚಿ, ಮೇಲ್ಮೈ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊರಗೆಳೆದು ಕತ್ತರಿಸಿ. ಉಳಿದವನ್ನೆಲ್ಲ ಅದರ ಪಕ್ಕ ಇಟ್ಟುಕೊಂಡು ಅದೇ ಅಳತೆಗೆ ಕತ್ತರಿಸಿ. ಒಂದೊಂದನ್ನೂ ಬೇರೆ ಬೇರೆ ಚುಚ್ಚಿ ಅಳೆಯಬಾರದು. ಒಂದು ಕಡ್ಡಿ ಎರಡು ಮಿಲಿಮೀಟರ್ ಉದ್ದ ಇದ್ದರೂ ಮೇಲಿನ ಕೇಕ್ ಅದರ ಮೇಲೆ ನಿಂತು ಒಂದು ಕಡೆ ವಾಲುತ್ತದೆ. ಎಲ್ಲವೂ ಗಿಡ್ಡ ಆದರೆ ಭಾರ ಸ್ಪಾಂಜಿನ ಮೇಲೆ ಬಿದ್ದು ಬದಿ ಉಬ್ಬುತ್ತದೆ.

ಕಡ್ಡಿಗೆ ದಪ್ಪನೆ ಸ್ಟ್ರಾ ಒಳ್ಳೆಯದು, ಬಬಲ್ ಟೀಗೆ ಕೊಡುತ್ತಾರಲ್ಲ, ಅಂಥದ್ದು. ಕತ್ತರಿಯಲ್ಲೇ ಕತ್ತರಿಸಬಹುದು, ನೆಟ್ಟಗೆ ಬೀಳುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಬಾರ್ಬೆಕ್ಯೂ ಕಡ್ಡಿ ತೀರ ತೆಳು, ಅದು ಓರೆಯಾಗುತ್ತದೆ. ಇವೆಲ್ಲ ಆದಮೇಲೆ ಬೋರ್ಡುಗಳ ನಡುವಿನ ತೂತಿನ ಮೂಲಕ ಮೇಲಿಂದ ತಳದವರೆಗೆ ಚೂಪು ಮಾಡಿದ ಒಂದು ಉದ್ದನೆ ಮರದ ಕೋಲು ಇಳಿಸುತ್ತಾರೆ. ಅದು ಭಾರ ಹೊರುವುದಿಲ್ಲ. ಕಾರು ರಸ್ತೆ ಹಂಪ್ ಹತ್ತಿ ಇಳಿದಾಗ ಅಂತಸ್ತುಗಳು ಪಕ್ಕಕ್ಕೆ ಜಾರದ ಹಾಗೆ ಹಿಡಿದಿಡುವುದಷ್ಟೇ ಅದರ ಕೆಲಸ.

ಈ ಕಡ್ಡಿಗಳು ನಮಗೆ ಇನ್ನೂ ಮುಖ್ಯ, ಯಾಕೆಂದರೆ ನಮ್ಮ ಮದುವೆ ಕೇಕು ಬಹಳಷ್ಟು ಸಲ ಎಗ್‌ಲೆಸ್. "ಅಜ್ಜಿ ಮೊಟ್ಟೆ ಮುಟ್ಟಲ್ಲ ಕಣೇ, ಅವರಿಗೂ ಒಂದು ಪೀಸ್ ಕೊಡಬೇಕು" ಅಂದರೆ ಮುಗಿಯಿತು. ಕೇಕ್ ಬೇಯುವಾಗ ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಿ ಒಳಗೆ ಒಂದು ಹಂದರ ಕಟ್ಟುತ್ತದೆ. ಮೊಸರು ಸೋಡಾದ ಕೇಕಿನಲ್ಲೋ ಕಂಡೆನ್ಸ್ಡ್ ಮಿಲ್ಕ್ ಕೇಕಿನಲ್ಲೋ ಆ ಹಂದರ ಇಲ್ಲ. ತಿನ್ನಲು ಮೃದು, ಎತ್ತಲು ಕಷ್ಟ. ಬೆಂದ ದಿನವೇ ಕತ್ತರಿಸಬೇಡಿ, ಸುತ್ತಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಪದರಗಳ ನಡುವೆ ಪೈನಾಪಲ್ ತುಂಡು ತುಂಬುವುದನ್ನು ಅಂತಸ್ತಿನ ಕೇಕಿನಲ್ಲಾದರೂ ಬಿಡಿ. ಹಣ್ಣಿನ ರಸಕ್ಕೆ ಪದರ ಜಾರುತ್ತದೆ.

ಮೇಲ್ಹೊದಿಕೆಯಲ್ಲಿ ನಾಲ್ಕು ದಾರಿ ಇವೆ, ಅದರಲ್ಲಿ ಎರಡನ್ನು ಬೇಗ ಬಿಟ್ಟುಬಿಡಬಹುದು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ವಿಪ್ಪಿಂಗ್ ಕ್ರೀಮ್ ಹೆಚ್ಚಾಗಿ ಸಸ್ಯದ ಕೊಬ್ಬಿನದು, ಹಾಲಿನ ಕ್ರೀಮಿಗಿಂತ ಗಟ್ಟಿ ನಿಲ್ಲುತ್ತದೆ. ಹುಟ್ಟುಹಬ್ಬದ ಒಂದು ಕೆಜಿ ಕೇಕಿಗೆ ಸೊಗಸು. ಎಸಿ ಇಲ್ಲದ ಛತ್ರದಲ್ಲಿ ಸಂಜೆ ಪೂರ್ತಿ ನಿಲ್ಲುವ ಮೂರು ಅಂತಸ್ತಿಗೆ ಆಗುವುದಿಲ್ಲ. ಅದರ ಮೇಲೆ ಫಾಂಡಂಟ್, ಅಂದರೆ ಲಟ್ಟಿಸಿದ ಸಕ್ಕರೆ ಕಣಕ, ಹೊದಿಸುವ ಹಾಗೂ ಇಲ್ಲ, ಕ್ರೀಮಿನ ನೀರನ್ನು ಸಕ್ಕರೆ ಹೀರಿಕೊಂಡು ಹೊದಿಕೆಯೇ ಒದ್ದೆಯಾಗುತ್ತದೆ. ಬೆಣ್ಣೆಗೆ ಸಕ್ಕರೆ ಪುಡಿ ಬೀಟ್ ಮಾಡಿದ ಬಟರ್‌ಕ್ರೀಮ್ ಏನಾಗುತ್ತದೆ ಅಂತ ಬೆಣ್ಣೆಯ ಡಿಗ್ರಿ ಹೇಳುವಾಗಲೇ ಗೊತ್ತಾಯಿತು. ಉಳಿದದ್ದು ಗನಾಷ್ ಮತ್ತು ಅದರ ಮೇಲೆ ಫಾಂಡಂಟ್. ಗನಾಷ್ ಅಂದರೆ ಚಾಕೊಲೇಟ್ ಮತ್ತು ಕ್ರೀಮ್, ಅಷ್ಟೇ. ಡಾರ್ಕ್ ಚಾಕೊಲೇಟ್ ಆದರೆ ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮ್, ಬಿಸಿಲು ಕಾಲದಲ್ಲಿ ಎರಡೂವರೆಗೆ ಒಂದು. ವೈಟ್ ಚಾಕೊಲೇಟಿಗೆ ಮೂರಕ್ಕೆ ಒಂದು, ಬಿಸಿಲಲ್ಲಿ ಇನ್ನೂ ಜಾಸ್ತಿ ಚಾಕೊಲೇಟ್. ಇದು ಫ್ರಿಜ್‌ನಲ್ಲಿ ಗಟ್ಟಿಯಾದ ಮೇಲೆ ಕೇಕಿಗೆ ಒಂದು ಚಿಪ್ಪಿನ ಹಾಗೆ ಆಗುತ್ತದೆ, ಅಂಚುಗಳು ಚೂಪಾಗಿ ನಿಲ್ಲುತ್ತವೆ. ಕಂಪೌಂಡ್ ಚಾಕೊಲೇಟ್ ಬಳಸಬಹುದಾ ಅಂದರೆ, ರುಚಿಯಲ್ಲಿ ಒಂದು ಮೆಟ್ಟಿಲು ಕೆಳಗೆ, ಕೊಕೊ ಬಟರ್ ಬದಲು ಬೇರೆ ಕೊಬ್ಬು ಇರುವುದರಿಂದ ಬಿಸಿಲು ಸ್ವಲ್ಪ ಹೆಚ್ಚು ತಡೆಯುತ್ತದೆ. ಮೇ ತಿಂಗಳಲ್ಲಿ ನಾನು ಅರ್ಧರ್ಧ ಬೆರೆಸುವ ಪಕ್ಷ.

ಫಾಂಡಂಟ್ ಅಂದರೆ ಸಕ್ಕರೆ ಪುಡಿ, ಗ್ಲೂಕೋಸ್, ಗ್ಲಿಸರಿನ್, ಅಂಟು ಸೇರಿಸಿ ನಾದಿದ ಕಣಕ. ಕೆಲವದರಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ, ಮೊಟ್ಟೆಯನ್ನೇ ಮುಟ್ಟದ ಅಜ್ಜಿಗೆ ಅದನ್ನು ತಿನ್ನಿಸಿಬಿಟ್ಟೀರಿ, ಡಬ್ಬದ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ. ಸಕ್ಕರೆಯ ಗುಣ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾ? 1933ರಿಂದ ಮೈಷುಗರ್ ಕಾರ್ಖಾನೆ ಇರುವ ಮಂಡ್ಯ ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಸಕ್ಕರೆ ಡಬ್ಬ ಏನಾಗುತ್ತದೋ ಫಾಂಡಂಟಿಗೂ ಅದೇ ಆಗುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆ ಕೇಕಿನ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಸಕ್ಕರೆ ಅದನ್ನು ಹೀರುತ್ತದೆ, ಬಣ್ಣ ಇಳಿಯುತ್ತದೆ. ಬೇಕರ್‌ಗಳು ಇದಕ್ಕೆ ಕೇಕ್ ಬೆವರಿತು ಅನ್ನುತ್ತಾರೆ. ತಡೆಯಲು ಒಂದು ಉಪಾಯ ಇದೆ: ಕೇಕನ್ನು ರಟ್ಟಿನ ಡಬ್ಬದಲ್ಲಿ ಮುಚ್ಚಿಯೇ ಫ್ರಿಜ್‌ನಲ್ಲಿಡಿ, ಹೊರಗೆ ತೆಗೆದ ಮೇಲೂ ತಣ್ಣಗಿರುವಷ್ಟು ಹೊತ್ತು ಡಬ್ಬ ತೆರೆಯಬೇಡಿ. ನೀರು ಡಬ್ಬದ ಮೇಲೆ ಕೂರುತ್ತದೆ, ಕೇಕಿನ ಮೇಲಲ್ಲ. ಹಾಗೂ ಬೆವರಿದರೆ ಫ್ಯಾನ್ ಹಾಕಿ, ಬೆರಳು ಮಾತ್ರ ಇಡಬೇಡಿ. ಗುರುತು ಹೋಗುವುದಿಲ್ಲ.

ಇಷ್ಟಾದ ಮೇಲೆ ಥೀಮಿಗೆ ಬರೋಣ. ಈಗ ನೋಡಿ ಅರಮನೆ ಕೇಕ್ ಎಷ್ಟು ಕಷ್ಟ ಅಂತ. 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಮುಗಿದ ಕಟ್ಟಡವನ್ನು ಸಕ್ಕರೆಯಲ್ಲಿ ಕಟ್ಟಲು ಹೊರಟರೆ ಗೋಪುರ, ಕಮಾನು, ಗುಮ್ಮಟ ಒಂದೊಂದೂ ದಿನಗಟ್ಟಲೆ ಒಣಗಬೇಕು, ಒಂದು ಬಾಗಿದರೂ ಇಡೀ ಅರಮನೆ ಬಾಗಿದ ಹಾಗೆ. ಆದರೆ ಗೆಳತಿಗೆ ಅರಮನೆ ಅಂದರೆ ನೆನಪಾಗುವುದು ಕಲ್ಲಿನ ಗೋಡೆಯಾ? ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುವ ಆ ಹೊತ್ತು ಅಲ್ವಾ? ಹಾಗಾದರೆ ಕಡು ನೀಲಿ ಫಾಂಡಂಟ್ ಹೊದಿಸಿ, ಅರಮನೆಯ ಗೆರೆಚಿತ್ರವನ್ನು ಕಾಗದದಲ್ಲಿ ಪ್ರಿಂಟ್ ತೆಗೆದು ಕೇಕಿಗೆ ಹಿಡಿದು ಗುಂಡುಸೂಜಿಯಿಂದ ಗೆರೆಯುದ್ದಕ್ಕೂ ಚುಚ್ಚಿ. ಕಾಗದ ತೆಗೆದು, 1ನೇ ನಂಬರಿನ ನೋಜಲ್‌ನಲ್ಲಿ ಪ್ರತಿ ತೂತಿನ ಮೇಲೆ ಹಳದಿ ಚುಕ್ಕೆ. ಮೊಟ್ಟೆಯ ಬಿಳಿ ಮತ್ತು ಐಸಿಂಗ್ ಸಕ್ಕರೆ ಬೀಟ್ ಮಾಡಿದ ರಾಯಲ್ ಐಸಿಂಗ್ ಸಾಕು. ಮೊಟ್ಟೆಯ ಬಿಳಿ ಬೇಡವಾದರೆ ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಬತ್ತಿಸಿ, ತಣಿಸಿ, ಐಸಿಂಗ್ ಸಕ್ಕರೆ ಜೊತೆ ಬೀಟ್ ಮಾಡಿದರೂ ಬರುತ್ತದೆ. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಮಾತ್ರ ಬೇಡ, ಅದರ ತರಿ ನೋಜಲ್‌ಗೆ ಸಿಕ್ಕಿಕೊಳ್ಳುತ್ತದೆ. ಕಡು ಬಣ್ಣದ ಫಾಂಡಂಟ್ ಲಟ್ಟಿಸುವಾಗ ಕಾರ್ನ್‌ಫ್ಲೋರ್ ಉದುರಿಸಿದರೆ ಬಿಳಿ ಕಲೆ ಉಳಿಯುತ್ತದೆ, ಬದಲಿಗೆ ಕೈಗೂ ಹಲಗೆಗೂ ತುಸು ಡಾಲ್ಡಾ ಸವರಿ.

ಅಂಬಾರಿ ಆನೆಗೆ ನನ್ನ ಓಟಿಲ್ಲ. ನಿಜವಾದ ಚಿನ್ನದ ಅಂಬಾರಿ 750 ಕೆಜಿ, ಅದನ್ನು ಹೊರಲು ಆನೆಯನ್ನು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಕೇಕಿನ ಮೇಲೆ ಪೂರ್ತಿ ಫಾಂಡಂಟಿನ ಆನೆ ಮಾಡಿದರೆ ತನ್ನ ತೂಕಕ್ಕೇ ತಾನು ಕುಸಿಯುತ್ತದೆ. ಮಾಡಲೇಬೇಕು ಅಂದರೆ ಒಳಗೆ ಕಡ್ಲೆಪುರಿಯ ಪುರಿಯನ್ನು ಕರಗಿಸಿದ ಕಂಪೌಂಡ್ ಚಾಕೊಲೇಟಿನಲ್ಲಿ ಕಲಸಿ ಆನೆಯ ಆಕಾರ ಕಟ್ಟಿ, ಮೇಲೆ ತೆಳ್ಳಗೆ ಫಾಂಡಂಟ್ ಹೊದಿಸಿ. ಹಗುರ ಇರುತ್ತದೆ, ತಿನ್ನಲೂ ಚೆನ್ನ.

ಬಿಸಿಲು ಕಾಲಕ್ಕೆ ನನ್ನ ಆಯ್ಕೆ ಮೈಸೂರು ರೇಷ್ಮೆ ಸೀರೆ ಮತ್ತು ಮಲ್ಲಿಗೆ. ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆ ನೆನಪು ಮಾಡಿಕೊಳ್ಳಿ, 1912ರಿಂದ ಇರುವ ಕಾರ್ಖಾನೆ ಅದು: ಒಡಲು ಒಂದೇ ಬಣ್ಣ, ಅಂಚಿಗೆ ಜರಿ. ಕೇಕಿಗೆ ಇದಕ್ಕಿಂತ ಅನುಕೂಲದ ವಿನ್ಯಾಸ ಇಲ್ಲ. ಒಡಲು ಖಾಲಿ ಇರುವುದರಿಂದ ಕೆಲಸ ಕಡಿಮೆ. ಪ್ರತಿ ಅಂತಸ್ತಿನ ಬುಡಕ್ಕೆ ಸುತ್ತುವ ಜರಿಯ ಪಟ್ಟಿ, ಎರಡು ಕೇಕು ಸೇರುವ ಜಾಗದ ಬಿರುಕನ್ನು ಮುಚ್ಚುತ್ತದೆ. ಕೊಂಚ ಬೆವರಿದರೂ ರೇಷ್ಮೆಯ ಹೊಳಪು ಅಂತಲೇ ಕಾಣುತ್ತದೆ! ಸೆರಗಿಗೆ ಫಾಂಡಂಟಿನಲ್ಲಿ ಅದನ್ನು ಬೇಗ ಗಟ್ಟಿ ಮಾಡುವ ಟೈಲೋಸ್ ಪುಡಿ ಒಂದು ಚಿಟಿಕೆ ನಾದಿ, ಎರಡು ಮಿಲಿಮೀಟರ್ ತೆಳ್ಳಗೆ ಲಟ್ಟಿಸಿ, ಹಲಗೆ ಮೇಲೆ ಸಾಲಾಗಿಟ್ಟ ಕಡ್ಡಿಗಳ ಮೇಲೆ ಹಾಯಿಸಿ ನೆರಿಗೆ ಹಿಡಿದು, ಮೇಲಿನ ಅಂತಸ್ತಿನಿಂದ ಓರೆಯಾಗಿ ಇಳಿಬಿಡಿ. ಒಂದೇ ಕಡೆ, ಒಂದೇ ಸೆರಗು. ಎಲ್ಲ ಅಂತಸ್ತಿಗೂ ನೆರಿಗೆ ಹಾಕಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಜರಿಯಲ್ಲಿ ಬುಟ್ಟಾ ಬೇಕಾದರೆ ಮೈಸೂರು ಚಿತ್ರಕಲೆಯವರ ದಾರಿ ಹಿಡಿಯಿರಿ. ಅವರು ಗೆಸ್ಸೊ ಅನ್ನುವ ಅಂಟಿನ ಲೇಪದಿಂದ ಮೊದಲು ಗೆರೆಯನ್ನು ತೆಳುವಾಗಿ ಉಬ್ಬಿಸಿ, ಒಣಗಿದ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ನಾವೂ ರಾಯಲ್ ಐಸಿಂಗ್‌ನಲ್ಲಿ ಗೆರೆ ಎಳೆದು, ಪೂರ್ತಿ ಒಣಗಿದ ಮೇಲೆ ಚಿನ್ನದ ಬಣ್ಣದ ಪುಡಿ ಹಚ್ಚಬೇಕು. ಆ ಪುಡಿಯನ್ನು ನೀರಿನಲ್ಲಿ ಕಲಸಿದರೆ ಸಕ್ಕರೆ ಕರಗುತ್ತದೆ, ಬೇಗ ಆರಿಹೋಗುವ ವೋಡ್ಕಾದಲ್ಲಿ ಕಲಸುವುದು ರೂಢಿ. ಮನೆಯಲ್ಲಿ ಅದು ಬೇಡವಾದರೆ ಪುಡಿಯನ್ನು ಒಣ ಬ್ರಷ್‌ನಲ್ಲೇ ಉಜ್ಜಿ, ಹೊಳಪು ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೇ. ಡಬ್ಬದ ಮೇಲೆ ಎಡಿಬಲ್ ಅಂತ ಬರೆದಿರಬೇಕು, ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಬರೀ ನಾನ್ ಟಾಕ್ಸಿಕ್ ಅಂತಿದ್ದರೆ ಅದು ತಿನ್ನಲು ಮಾಡಿದ್ದಲ್ಲ. ಕಡು ಕೆಂಪು, ಮೆರೂನ್ ಸೀರೆ ಬಣ್ಣ ಬೇಕಿದ್ದರೆ ಬಿಳಿ ಫಾಂಡಂಟಿಗೆ ಕೆಂಪು ಸುರಿಯುತ್ತಾ ಹೋಗಬೇಡಿ. ಕಹಿಯಾಗುತ್ತದೆ, ಫೋಟೋದಲ್ಲಿ ಎಲ್ಲರ ನಾಲಿಗೆ ಕೆಂಪು. ಚಾಕೊಲೇಟ್ ಫಾಂಡಂಟಿನಿಂದ ಶುರು ಮಾಡಿದರೆ ಅರ್ಧ ಬಣ್ಣಕ್ಕೇ ಮೆರೂನ್ ಬರುತ್ತದೆ. ಬಣ್ಣವನ್ನು ಹಿಂದಿನ ದಿನವೇ ಕಲಸಿಡಿ, ರಾತ್ರಿ ಕಳೆಯುವುದರೊಳಗೆ ಅದು ಇನ್ನೂ ಗಾಢವಾಗುತ್ತದೆ.

ಮಲ್ಲಿಗೆಯಲ್ಲಿ ಅರಳಿದ ಹೂವಿಗಿಂತ ಮೊಗ್ಗು ಸುಲಭ. ಟೈಲೋಸ್ ಸೇರಿಸಿದ ಬಿಳಿ ಫಾಂಡಂಟನ್ನು ಸಣ್ಣ ಉಂಡೆ ಮಾಡಿ ಒಂದು ತುದಿ ಚೂಪಾಗಿ ಉಜ್ಜಿದರೆ ಆಯಿತು. ಎಷ್ಟು ಬೇಕು? 8 ಇಂಚಿನ ಕೇಕಿನ ಸುತ್ತಳತೆ ಸುಮಾರು 25 ಇಂಚು, ಹೂವಿನ ಲೆಕ್ಕದಲ್ಲಿ ಒಂದೂವರೆ ಮೊಳಕ್ಕೆ ತುಸು ಕಡಿಮೆ. ಎರಡು ಸಾಲಾಗಿ ಏಳು ಮಿಲಿಮೀಟರಿಗೊಂದು ಇಟ್ಟರೆ 180 ಮೊಗ್ಗು. ಟಿವಿ ನೋಡುತ್ತಾ ಎರಡು ವಾರ ಮೊದಲೇ ಮಾಡಿಟ್ಟುಕೊಳ್ಳಿ. ಒಣ ಡಬ್ಬದಲ್ಲಿರಲಿ, ಫ್ರಿಜ್‌ನಲ್ಲಿ ಬೇಡ.

ದೇವರಾಜ ಮಾರುಕಟ್ಟೆಯಲ್ಲಿ ನಿಜವಾದ ಮಲ್ಲಿಗೆಯೇ ಇರುವಾಗ ಈ ಕಷ್ಟ ಯಾಕೆ ಅಂತ ಕೇಳಬಹುದು. ಮಾರಲು ಬೆಳೆದ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಅದನ್ನು ಬೆಳೆಯುವುದು ತಿನ್ನಲಲ್ಲ. ನಿಜವಾದ ಹೂವು ಬೇಕಾದರೆ ಕೇಕನ್ನು ಮುಟ್ಟದ ಹಾಗೆ ಸ್ಟ್ಯಾಂಡಿನ ಸುತ್ತ ಇಡಿ. ಡೆಕೊರೇಷನ್‌ನವರಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಅವರು ಒಳ್ಳೆ ಮನಸ್ಸಿನಿಂದಲೇ, ಮಂಟಪಕ್ಕೆ ಕಟ್ಟಿ ಉಳಿದದ್ದನ್ನು ಕೇಕಿಗೆ ಸಿಕ್ಕಿಸಿಬಿಡುತ್ತಾರೆ. ಹಾರಗಳಲ್ಲಿ ಕಣಗಿಲೆ ಇರುತ್ತದೆ, ಅದು ವಿಷ. ಎಕ್ಕದ ಹಾಲೂ ಅಷ್ಟೇ.

ಒಳಗಿನ ರುಚಿ ನಿಮಗೆ ಬಿಟ್ಟದ್ದು. ಮೈಸೂರ್ ಪಾಕ್ ಪುಡಿಯ ಒಂದು ಪದರ ಥೀಮಿಗೂ ಒಪ್ಪುತ್ತದೆ, ಆದರೆ ಸಕ್ಕರೆ ಪಾಕ ಹಚ್ಚಿದ ಸ್ಪಾಂಜಿಗೆ ತಾಗಿದರೆ ಅದು ಮುದ್ದೆಯಾಗುತ್ತದೆ, ಕೆಳಗೂ ಮೇಲೂ ಗನಾಷ್ ಸವರಿ ನಡುವೆ ಹಾಕಿ. ನಂಜನಗೂಡು ರಸಬಾಳೆ ರುಚಿ ಬೇಕಿದ್ದರೆ ಹಣ್ಣನ್ನು ಹಿಟ್ಟಿಗೇ ಬೆರೆಸಿ ಬೇಯಿಸಿ. ಹಸಿ ಹಣ್ಣಿನ ಚೂರು ಕಪ್ಪಾಗುತ್ತದೆ.

ಬೇಯಿಸುವುದು ಎರಡು ದಿನ ಮೊದಲು, ಗನಾಷ್ ಅದರ ಮಾರನೇ ದಿನ, ಫಾಂಡಂಟ್ ಅಂದೇ ರಾತ್ರಿ. ಜೋಡಿಸುವುದನ್ನು ಛತ್ರದಲ್ಲೇ ಮಾಡಿ. ಕೆಳಗಿನ ಎರಡನ್ನು ಮನೆಯಲ್ಲೇ ಕೂರಿಸಿಕೊಂಡು ಹೋದರೂ ಮೇಲಿನದು ಬೇರೆ ಡಬ್ಬದಲ್ಲಿರಲಿ. ಕಾರಿನ ಸೀಟು ಹಿಂದಕ್ಕೆ ಇಳಿಜಾರು, ಅಲ್ಲಿ ಇಡಬೇಡಿ. ಕಾಲಿಡುವ ಜಾಗವೋ ಡಿಕ್ಕಿಯೋ ಸಮತಟ್ಟಾಗಿರುತ್ತದೆ, ಕೆಳಗೆ ಜಾರದ ಮ್ಯಾಟ್ ಹಾಕಿ. ಹೊರಡುವ ಹತ್ತು ನಿಮಿಷ ಮೊದಲೇ ಎಸಿ ಹಾಕಿಡಿ. ಜೊತೆಗೆ ಒಂದು ರಿಪೇರಿ ಡಬ್ಬ: ಅದೇ ಬಣ್ಣದ ಫಾಂಡಂಟ್ ಉಂಡೆ, ಒಂದು ಹಿಡಿ ಮೊಗ್ಗು, ಬ್ರಷ್, ಸ್ವಲ್ಪ ಗನಾಷ್, ಎರಡು ಸ್ಟ್ರಾ.

ಇನ್ನು ಕತ್ತರಿಸುವ ವಿಷಯ, ಇದನ್ನು ಮುಂಚೆಯೇ ಮಾತಾಡಿಟ್ಟುಕೊಳ್ಳಿ. ಮದುಮಕ್ಕಳಿಗೆ ಚಾಕು ಹಾಕಲು ಕೆಳಗಿನ ಅಂತಸ್ತಿನ ಮುಂಭಾಗದಲ್ಲಿ, ಹೊರ ಅಂಚಿನಲ್ಲಿ ಒಂದು ಜಾಗ ತೋರಿಸಿ. ಅಲ್ಲಿ ಕಡ್ಡಿ ಇರುವುದಿಲ್ಲ. ಫೋಟೋ ಮುಗಿದ ಮೇಲೆ ಕೇಕ್ ಅಡುಗೆಮನೆಗೆ ಹೋಗುತ್ತದೆ, ಅಲ್ಲಿ ಕೇಟರಿಂಗ್ ಹುಡುಗರು ಮೇಲಿಂದ ನೇರ ಕತ್ತಿ ಇಳಿಸಲು ನೋಡುತ್ತಾರೆ. "ಅಣ್ಣಾ, ಒಳಗೆ ಕಡ್ಡಿ ಇದೆ, ಮೊದಲು ನಡುವಿನ ಕೋಲು ಮೇಲಕ್ಕೆ ಎಳೀರಿ, ಆಮೇಲೆ ಒಂದೊಂದೇ ಅಂತಸ್ತು ಬೋರ್ಡ್ ಸಮೇತ ಎತ್ತಿ ಇಡಿ, ಸ್ಟ್ರಾ ಎಲ್ಲ ಎಣಿಸಿ ತೆಗೀರಿ" ಅಂತ ಹೇಳಿ, ಎಷ್ಟು ಸ್ಟ್ರಾ ಅನ್ನುವುದನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ. 8 ಇಂಚಿನದರಲ್ಲಿ ಐದು, 10 ಇಂಚಿನದರಲ್ಲಿ ಆರು. ಹನ್ನೊಂದೂ ಕೈಗೆ ಬಂದ ಮೇಲೆಯೇ ತಟ್ಟೆಗಳು ಹೊರಗೆ ಹೋಗಲಿ.